ಹಗೇವಿನಲ್ಲಿ ಸಿಕ್ಕ ಎರಡು ತಾಮ್ರದ ನಾಣ್ಯಗಳು: ಕಾಲ ನಿರ್ಣಯಕ್ಕೆ ನೆರವು ಬೇಕು

ಪ್ರಶ್ನೆ (ಆಳಂದ ತಾಲ್ಲೂಕು, ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮನೆಯ ಅಂಗಳದಲ್ಲಿ ಮುತ್ತಜ್ಜನ ಕಾಲದ ಹಗೇವು (ಧಾನ್ಯ ತುಂಬಿಡುವ ನೆಲಗುಳಿ) ಒಂದಿದೆ. ಅದರಲ್ಲಿ ಜೋಳ ತುಂಬುವುದನ್ನು ಬಿಟ್ಟು ಮೂವತ್ತು ವರ್ಷಗಳಾಗಿವೆ. ಮಳೆಗಾಲದಲ್ಲಿ ಬಾಯಿಯ ಸುತ್ತಲಿನ ಮಣ್ಣು ಕುಸಿಯತೊಡಗಿದ್ದರಿಂದ ಕಳೆದ ತಿಂಗಳು ಅದನ್ನು ಮುಚ್ಚಿಸಲು ಹೊರಟೆವು. ತಳದಲ್ಲಿದ್ದ ಹೊಟ್ಟು ಬೆರೆತ ಮಣ್ಣನ್ನು ಮೇಲಕ್ಕೆತ್ತಿ ಜರಡಿ ಹಿಡಿಯುವಾಗ ಎರಡು ನಾಣ್ಯಗಳು ಸಿಕ್ಕವು.

ಮೊದಲನೆಯದು ತೆಳುವಾಗಿದ್ದು, ಸರಿಯಾದ ದುಂಡಗಿನ ಆಕಾರದಲ್ಲಿದೆ. ಆದರೆ ಬೆರಳಿಗೆ ಏನೂ ತಾಗದಷ್ಟು ಸವೆದಿದೆ. ಬೆಳಕಿಗೆ ಹಿಡಿದರೆ ಒಂದು ಬದಿಯಲ್ಲಿ ಬಳ್ಳಿ ಹೆಣೆದಂತಹ ಗೆರೆಗಳೂ ಇನ್ನೊಂದು ಬದಿಯಲ್ಲಿ ಉರ್ದುವಿನಂತಹ ಅಕ್ಷರಗಳೂ ಮಸುಕಾಗಿ ಕಾಣುತ್ತವೆ. ಎರಡನೆಯದು ದಪ್ಪವಾಗಿದೆ, ಆಕಾರ ಸೊಟ್ಟ, ಅಂಚು ಒಂದು ಕಡೆ ಸೀಳಿದೆ. ಹಸಿರು ಪದರ ಹಿಡಿದಿದ್ದರೂ ಅದರ ಅಕ್ಷರಗಳು ಇನ್ನೂ ಎದ್ದು ನಿಂತಿವೆ. ತೆಳುವಾದುದೇ ಹೆಚ್ಚು ಸವೆದಿರುವುದರಿಂದ ಅದೇ ಹೆಚ್ಚು ಹಳೆಯದೆಂದು ನಾನು ಭಾವಿಸಿದ್ದೇನೆ. ಇದು ಸರಿಯೇ? ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಅಕ್ಷರ ಸ್ಪಷ್ಟವಾಗುತ್ತವೆ ಎಂದು ಮನೆಯವರು ಹೇಳುತ್ತಿದ್ದಾರೆ. ಇಂತಹ ನಾಣ್ಯಗಳಿಗೆ ಲಕ್ಷಗಟ್ಟಲೆ ಹಣ ಕೊಡುತ್ತಾರೆಂಬ ಸಂದೇಶವೊಂದನ್ನು ಸೋದರಮಾವ ನನ್ನ ಮೊಬೈಲಿಗೆ ಕಳುಹಿಸಿದ್ದಾರೆ. ನನಗೆ ಬೇಕಾಗಿರುವುದು ಬೆಲೆಯಲ್ಲ. ಇವು ಯಾರ ಕಾಲದವು, ನಮ್ಮ ಹಗೇವಿನೊಳಗೆ ಹೇಗೆ ಬಂದವು ಎಂಬುದನ್ನು ತಿಳಿಯುವ ಆಸೆಯಿದೆ.

ಉತ್ತರ (ಬೀದರ್)

ದಯವಿಟ್ಟು ಹುಣಸೆಹಣ್ಣನ್ನು ಹತ್ತಿರಕ್ಕೂ ತರಬೇಡಿ. ಹಿತ್ತಾಳೆಯ ತಂಬಿಗೆಗೆ ಅದು ಸರಿ, ಹಳೆಯ ತಾಮ್ರದ ನಾಣ್ಯಕ್ಕೆ ಅಲ್ಲ. ಶತಮಾನಗಳಿಂದ ಮಣ್ಣಿನಲ್ಲಿದ್ದ ತಾಮ್ರದ ಮೇಲ್ಮೈಯೇ ಬದಲಾಗಿ ಆ ಹಸಿರು ಪದರವಾಗಿರುತ್ತದೆ. ಸವೆದ ಅಕ್ಷರದ ಕೊನೆಯ ಗುರುತು ಅನೇಕ ಸಲ ಆ ಪದರದಲ್ಲಿಯೇ ಉಳಿದಿರುವುದರಿಂದ, ಹುಳಿಯಿಂದ ಅದನ್ನು ಕರಗಿಸಿದರೆ ನಾಣ್ಯ ಫಳಫಳ ಹೊಳೆಯುತ್ತದೆ, ಓದಲು ಮಾತ್ರ ಏನೂ ಉಳಿಯುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಒಂದೆರಡು ದಿನ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಮಣ್ಣನ್ನಷ್ಟೇ ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿರಿ. ಎಲ್ಲಿಯಾದರೂ ಪುಡಿಪುಡಿಯಾದ ತಿಳಿಹಸಿರು ಕಂಡರೆ ಆ ನಾಣ್ಯವನ್ನು ಬೇರೆಯಾಗಿ, ತೇವ ತಾಗದಂತೆ ಇಡಿ. ಅದು ಲೋಹವನ್ನು ತಿನ್ನುತ್ತಾ ಹೋಗುವ ರೋಗ.

ಸವೆತದಿಂದ ವಯಸ್ಸನ್ನು ಅಳೆಯಲಾಗದು. ಸವೆತವು ನಾಣ್ಯ ಎಷ್ಟು ಕೈ ದಾಟಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ವರ್ಷ ಕಳೆದಿದೆ ಎಂಬುದನ್ನಲ್ಲ. ದಿನನಿತ್ಯ ಸಂತೆಯಲ್ಲಿ ಓಡಾಡಿದ ಚಿಲ್ಲರೆ ಐವತ್ತು ವರ್ಷಗಳಲ್ಲಿ ನುಣ್ಣಗಾಗಬಹುದು. ಬೇಗನೆ ಮಣ್ಣು ಸೇರಿದ ನಾಣ್ಯ ಐನೂರು ವರ್ಷವಾದರೂ ಅಕ್ಷರ ಉಳಿಸಿಕೊಂಡಿರಬಹುದು. ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆಕಾರ. ಸರಿಯಾದ ದುಂಡು, ಒಂದೇ ದಪ್ಪ, ಏರಿಳಿತವಿಲ್ಲದ ಅಂಚು ಇದ್ದರೆ ಅದು ಯಂತ್ರದ ಟಂಕಸಾಲೆಯದು. ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಆಕಾರ ಸೊಟ್ಟಾಗುತ್ತದೆ, ಅಂಚು ಸೀಳುತ್ತದೆ. ಹಾಗಾಗಿ ನಿಮ್ಮ ಊಹೆ ತಿರುವುಮುರುವಾಗಿರುವ ಸಾಧ್ಯತೆಯೇ ಹೆಚ್ಚು.

ದಪ್ಪ ನಾಣ್ಯವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ, ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆಯಿರಿ. ನೇರ ಬೆಳಕಿನಲ್ಲಿ ಮಾಯವಾಗುವ ಅಕ್ಷರಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಬರುತ್ತವೆ.

ಪ್ರಶ್ನೆ ಕೇಳಿದವರಿಂದ

ಹೇಳಿದಂತೆಯೇ ಮಾಡಿದೆ, ಸರ್. ದಪ್ಪ ನಾಣ್ಯ 10.4 ಗ್ರಾಂ ತೂಗಿತು. ಆನೆ, ಸಿಂಹ ಮುಂತಾದ ಯಾವ ಚಿತ್ರವೂ ಇಲ್ಲ, ಎರಡೂ ಬದಿಯಲ್ಲಿ ಬರಹವೇ ಇದೆ. ತೆಳು ನಾಣ್ಯದಲ್ಲಿ ಬಳ್ಳಿಯ ಕೆಳಗೆ ನಾಲ್ಕು ಅಂಕಿಗಳಿರುವಂತೆ ತೋರುತ್ತದೆ. ಅರಬ್ಬಿ ಅಂಕಿಗಳ ಪಟ್ಟಿ ನೋಡಿ ಹೋಲಿಸಿದಾಗ 1, 3, ನಂತರ ಅಳಿಸಿಹೋದ ಒಂದು ಅಂಕಿ, ಕೊನೆಯಲ್ಲಿ ಮತ್ತೆ 3. ಹಿಂಬದಿಯಲ್ಲಿ ಬಿಡಿಯಾಗಿ 14 ಎಂದಿದೆ. ಚಿತ್ರಗಳನ್ನು ಹಾಕಿದ್ದೇನೆ.

ಉತ್ತರ (ಯಾದಗಿರಿ, ನಿವೃತ್ತ ಉರ್ದು ಶಿಕ್ಷಕ)

ಚಿತ್ರಗಳು ಚೆನ್ನಾಗಿ ಬಂದಿವೆ. ಬಳ್ಳಿಯೆಂದು ನೀವು ಕರೆದದ್ದು ತುಘ್ರಾ, ಅಂದರೆ ಅರಸನ ಬಿರುದುಗಳನ್ನು ಹೆಣೆದು ಬರೆದ ರಾಜಮುದ್ರೆ. ಇದು ಹೈದರಾಬಾದ್ ಸಂಸ್ಥಾನದ ಎರಡು ಪಾಯಿ. ನಮ್ಮ ಹಿರಿಯರು ಕಲ್ದಾರಿಗೆ, ಅಂದರೆ ಬ್ರಿಟಿಷರ ನಾಣ್ಯಕ್ಕೆ, ಎದುರಾಗಿ ಹಾಲಿ ಎಂದು ಕರೆಯುತ್ತಿದ್ದ ಸಿಕ್ಕೆಯ ಚಿಲ್ಲರೆ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬ ಲೆಕ್ಕವನ್ನು ನನ್ನ ತಂದೆಯವರು ಬಾಯಿಪಾಠದಂತೆ ಹೇಳುತ್ತಿದ್ದರು.

ಅಳಿಸಿದ ಅಂಕಿಯ ವಿಷಯಕ್ಕೆ ಬರೋಣ. ಹಿಜರಿ 1323, 1333, 1343, 1353 ಈ ನಾಲ್ಕರಲ್ಲಿ ಯಾವುದೂ ಇರಬಹುದಿತ್ತು. ಆದರೆ ಹಿಂಬದಿಯ 14 ಆಳ್ವಿಕೆಯ ವರ್ಷ. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1869ರಲ್ಲಿ ಪಟ್ಟಕ್ಕೆ ಬಂದವರಾದುದರಿಂದ ಹಿಜರಿ 1323ರ ವೇಳೆಗೆ ಅವರ ಆಳ್ವಿಕೆ ನಲವತ್ತನೆಯ ವರ್ಷವನ್ನು ಸಮೀಪಿಸಿತ್ತು. ಅವರ ನಂತರದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದದ್ದು 1911ರ ಆಗಸ್ಟಿನಲ್ಲಿ, ಅಂದರೆ ಹಿಜರಿ 1329ರಲ್ಲಿ. ಅವರ ಹದಿನಾಲ್ಕನೆಯ ವರ್ಷಕ್ಕೆ ಹೊಂದುವುದು 1343 ಒಂದೇ. ಹಿಜರಿ ವರ್ಷ ನಮ್ಮ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸುಮಾರಾಗಿ ಸಿಗುತ್ತದೆ. ನಿಮ್ಮ ನಾಣ್ಯ 1924–25ರದು. ಅಂಕಿ ಓದುವ ಇತರರಿಗೂ ಒಂದು ಮಾತು: ನಾಣ್ಯವನ್ನು ತಲೆಕೆಳಗಾಗಿ ಹಿಡಿದರೆ ಅರಬ್ಬಿ ಅಂಕಿಗಳಲ್ಲಿ 7 ಎಂಬುದು 8 ಆಗಿ, 8 ಎಂಬುದು 7 ಆಗಿ ಕಾಣುತ್ತದೆ, 3ರ ಒಂದು ಹಲ್ಲು ಸವೆದರೆ ಅದು 2 ಆಗಿಬಿಡುತ್ತದೆ.

ದಪ್ಪ ನಾಣ್ಯವನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ಅದು ಬಹಮನಿ ಸುಲ್ತಾನರದು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಬರಹದ ಅಂಚುಗಳು ಹೊರಗೇ ಉಳಿದಿವೆ, ವರ್ಷ ಸಿಕ್ಕುವುದಿಲ್ಲ. ಆದರೆ ನಡುವೆ ‘ಬಿನ್ ಮುಹಮ್ಮದ್ ಶಾಹ್’ ಎಂಬುದು ಸ್ಪಷ್ಟವಾಗಿದೆ. ಬಿನ್ ಎಂದರೆ ಮಗ. ಹಾಗಾದರೆ ಮಗನ ಹೆಸರು ಯಾವುದು? ಅದರ ಮುಂಭಾಗ ಸವೆದಿದ್ದು, ಕೊನೆಯ ದಾಲ್ ಅಕ್ಷರ ಮಾತ್ರ ಉಳಿದಿದೆ. ಒಂದನೆಯ ಮುಹಮ್ಮದ್ ಶಾಹನ ಮಗ ಮುಜಾಹಿದ್ ಎಂದಾದರೆ ಅದು 1375–78ರದು. ಮೂರನೆಯ ಮುಹಮ್ಮದ್ ಶಾಹನ ಮಗ ಮಹಮೂದ್ ಎಂದಾದರೆ 1482–1518ರ ನಡುವಿನದು. ಎರಡೂ ಹೆಸರು ದಾಲ್‌ನಿಂದಲೇ ಮುಗಿಯುತ್ತವೆ. ಮಹಮೂದ್ ಆಗಿದ್ದರೆ ದಾಲ್‌ಗೆ ಮೊದಲು ವಾವ್ ಎಂಬ ಅಕ್ಷರ ಇರಲೇಬೇಕು. ದುಂಡನೆಯ ಸಣ್ಣ ತಲೆ, ಕೆಳಕ್ಕೆ ಬಾಗಿದ ಬಾಲ. ಬಲಗಡೆಯಿಂದ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ಆ ಜಾಗವನ್ನಷ್ಟೇ ನೋಡಿ ತಿಳಿಸುವಿರಾ? ನೂರು ವರ್ಷಗಳ ಅಂತರ ಆ ಒಂದು ಅಕ್ಷರದ ಮೇಲೆ ನಿಂತಿದೆ.

ಪ್ರಶ್ನೆ ಕೇಳಿದವರಿಂದ

ಗುರುಗಳೇ, ದುಂಡು ತಲೆ ಇದೆ. ಬಾಲ ಸ್ವಲ್ಪ ಹಸಿರಿನೊಳಗೆ ಸೇರಿಹೋಗಿದೆ, ಆದರೆ ತಲೆಯ ವಿಷಯದಲ್ಲಿ ಅನುಮಾನವಿಲ್ಲ. ನಾನೂ ನನ್ನ ಮಗಳೂ ಬೇರೆಬೇರೆಯಾಗಿ ನೋಡಿ, ಕಂಡದ್ದನ್ನು ಕಾಗದದ ಮೇಲೆ ಬರೆದು ಹೋಲಿಸಿದೆವು. ಇಬ್ಬರ ಚಿತ್ರವೂ ಒಂದೇ ಆಗಿತ್ತು.

ಉತ್ತರ (ಯಾದಗಿರಿ)

ಹಾಗಿದ್ದರೆ ಅದು ಮಹಮೂದ್ ಶಾಹ್ ಬಹಮನಿಯ ನಾಣ್ಯ. ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿ ಎಷ್ಟೋ ಕಾಲವಾದ ಮೇಲಿನದು. ಹೆಸರು ಸುಲ್ತಾನನದಾದರೂ ಆ ವೇಳೆಗೆ ಅಧಿಕಾರ ಬರೀದ್ ಮನೆತನದ ಕೈಗೆ ಜಾರುತ್ತಿತ್ತು, ಬಿಜಾಪುರ, ಅಹಮದ್‌ನಗರಗಳು ಕೈತಪ್ಪುತ್ತಿದ್ದವು. ಮಗಳಿಗೆ ನನ್ನ ಆಶೀರ್ವಾದ ತಿಳಿಸಿರಿ. ಕಂಡದ್ದನ್ನು ಮೊದಲು ಬರೆದಿಟ್ಟು ಆಮೇಲೆ ಹೋಲಿಸುವುದು ಒಳ್ಳೆಯ ಅಭ್ಯಾಸ.

ಉತ್ತರ (ಬೀದರ್)

ಈಗ ಹಗೇವಿನ ಪ್ರಶ್ನೆ. ಬಹಮನಿ ನಾಣ್ಯ ಸಿಕ್ಕಿತೆಂದು ಹಗೇವು ಬಹಮನಿಯರ ಕಾಲದ್ದೆಂದು ಹೇಳಲಾಗದು. ನಾಣ್ಯ ತಾನು ಅಚ್ಚಾದ ಕಾಲವನ್ನು ಹೇಳುತ್ತದೆ, ಬಿದ್ದ ಕಾಲವನ್ನಲ್ಲ. ಎರಡೂ ಒಂದೇ ಪದರದಲ್ಲಿ ಸಿಕ್ಕಿದ್ದರೆ, ಆ ಪದರ ಕೂಡಿದ್ದು 1924ಕ್ಕಿಂತ ಮೊದಲಂತೂ ಅಲ್ಲ. ಹೊಸ ನಾಣ್ಯವೇ ಗಡಿ ಹಾಕುತ್ತದೆ. ಆದ್ದರಿಂದ ಯಾವುದು ಎಷ್ಟು ಆಳದಲ್ಲಿ, ಯಾವ ಬದಿಯಲ್ಲಿ ಸಿಕ್ಕಿತು ಎಂಬುದನ್ನು ಜರಡಿ ಹಿಡಿದವರನ್ನು ಕೇಳಿ ಇಂದೇ ಬರೆದಿಡಿ. ಅವರು ಮರೆತರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಭೂಮಿಯೊಳಗೆ ಸಿಕ್ಕ ಹಳೆಯ ವಸ್ತುಗಳಿಗೆ ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯಿದೆ ಇದೆ. ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾವನವರು ಕಳುಹಿಸಿದ ಸಂದೇಶಕ್ಕೆ ಉತ್ತರಿಸಬೇಡಿ. ತನ್ನ ಹೆಸರು ಬಳಸಿ ಹಳೆಯ ನಾಣ್ಯ ಕೊಳ್ಳುವುದಾಗಿ ಹೇಳಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಕೆಲಸದವರನ್ನು ವಿಚಾರಿಸಿದೆ. ಎರಡೂ ಒಂದೇ ಪುಟ್ಟಿ ಮಣ್ಣಿನಲ್ಲಿ ಬಂದವು ಎನ್ನುತ್ತಾರೆ, ತಳದಿಂದ ಸುಮಾರು ಒಂದು ಮೊಳ ಎತ್ತರದಲ್ಲಿ, ಪೂರ್ವದ ಗೋಡೆಯ ಪಕ್ಕ. ಅದರ ಕೆಳಗಿನ ಮಣ್ಣನ್ನು ಇನ್ನೂ ತೆಗೆದಿಲ್ಲ. ಸೋಮವಾರ ಕಲಬುರಗಿಗೆ ಹೋಗಿ ಅರ್ಜಿ ಕೊಟ್ಟು ಬರುವವರೆಗೆ ಹಗೇವಿನ ಬಾಯಿಗೆ ಹಾಸುಗಲ್ಲು ಮುಚ್ಚಿಸಿದ್ದೇನೆ.