ಸಹಾಯ ಬೇಕು: ಘಾಟಿ ಹತ್ತುವಾಗ ಮಾತ್ರ ಇಂಜಿನ್ ಹೀಟ್, ಹೆಡ್ ಗ್ಯಾಸ್ಕೆಟ್ಟೋ ಹೆಡ್ ಕ್ರ್ಯಾಕೋ?

ನಮಸ್ಕಾರ. (ಹೆಡ್ ಅಂದ್ರೆ ಇಂಜಿನ್ನಿನ ಮೇಲ್ಭಾಗ, ಗ್ಯಾಸ್ಕೆಟ್ ಅಂದ್ರೆ ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್.) 1998ರ ಕಾರ್ಬುರೇಟರ್ ಕಾರು, ಮೂರು ಸಿಲಿಂಡರ್. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತರೂ ಫ್ಯಾನ್ ಹೊತ್ತಿಗೆ ಸರಿಯಾಗಿ ತಿರುಗುತ್ತೆ, ಹೀಟ್ ಮೀಟರ್ ಮುಳ್ಳು ಅರ್ಧ ದಾಟಲ್ಲ. ಶಿರಾಡಿ ಘಾಟಿಯಲ್ಲಿ ಸೆಕೆಂಡ್ ಗೇರಿಗೆ ಇಳಿಸಿದರೆ ಹತ್ತೇ ನಿಮಿಷಕ್ಕೆ ಕೆಂಪು ಗೆರೆ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡೋ ವಾಲ್ವ್) ಹೊಸದು (ಬಿಸಿನೀರಲ್ಲಿ ಮುಳುಗಿಸಿ ನೋಡಿದೆ, 82 ಡಿಗ್ರಿಗೆ ಬಾಯಿ ಬಿಡುತ್ತೆ). ರೇಡಿಯೇಟರ್ ಕ್ಯಾಪ್, ವಾಟರ್ ಪಂಪ್ ಕೂಡ ಹೊಸದು. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದಾಯ್ತು, ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಬರೋ ಸಮಯ) ಸರಿಯಿದೆ. ಕೂಲಂಟ್, ನೀರು 50:50.

ಅನುಮಾನ ಇಲ್ಲಿದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಇನ್ನೂ ತಣ್ಣಗೆ. ಬಿಸಿಯಾಗೋ ಮೊದಲೇ ಪ್ರೆಷರ್ ಬಂದರೆ ಅದು ಸಿಲಿಂಡರ್ ಗ್ಯಾಸೇ. ರಿಸರ್ವ್ ಬಾಟಲಿಯಲ್ಲಿ ಗುಳ್ಳೆ ನಿಲ್ಲಲ್ಲ. ಬಾಟಲಿಗೆ ತಳ್ಳಿದ ನೀರನ್ನು ಇಂಜಿನ್ ತಣ್ಣಗಾದ ಮೇಲೂ ರೇಡಿಯೇಟರ್ ವಾಪಸ್ ಎಳೆದುಕೊಳ್ಳಲ್ಲ. ಡಿಪ್‌ಸ್ಟಿಕ್‌ನಲ್ಲಿ ಹಾಲಿನ ಬಣ್ಣ ಇಲ್ಲ, ಅಂದ್ರೆ ಆಯಿಲಿಗೆ ನೀರು ಸೇರಿದ ಗುರುತಿಲ್ಲ. ಕಂಪ್ರೆಷನ್ (ಮೂರು ಸಿಲಿಂಡರಿನ ಒಳಗಿನ ಒತ್ತಡ) ಚದರ ಸೆಂಟಿಮೀಟರಿಗೆ 12.5, 12.4, 10.1 ಕೆಜಿ, ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟರೂ ಏರಲಿಲ್ಲ, ಹಾಗಾಗಿ ಪಿಸ್ಟನ್ ರಿಂಗ್ ಸವೆತ ಅಲ್ಲ.

ಹೆಡ್ ಇಳಿಸೋದು ಖಚಿತ. ಸ್ಕಿಮ್ಮಿಂಗ್‌ಗೆ (ಹೆಡ್ಡಿನ ತಳ ತೆಳುವಾಗಿ ಕೆತ್ತಿ ಮಟ್ಟ ಮಾಡೋದು) ಮೊದಲು ಹೆಡ್ಡನ್ನು ಬಿಸಿನೀರಲ್ಲಿಟ್ಟು ಪ್ರೆಷರ್ ಟೆಸ್ಟ್ ಮಾಡಿಕೊಡೋ ಲೇತ್ ಶಾಪ್ ಹಾಸನ, ಸಕಲೇಶಪುರ ಕಡೆ ಇದೆಯಾ? ಕ್ರ್ಯಾಕ್ ಇದ್ದರೆ ಗ್ಯಾಸ್ಕೆಟ್ ಹಾಕಿ ಪ್ರಯೋಜನವಿಲ್ಲ. ಬ್ಲಾಕ್ ಮೇಲ್ಮೈಯನ್ನೂ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಇಟ್ಟು ಮಟ್ಟವಾಗಿದೆಯಾ ಅಂತ ನೋಡುವವರೇ ಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.