ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರಬೇಕು, ಎಲ್ಲಿಂದ ಶುರು ಮಾಡಲಿ?

ಓಣಿಯ ಮಗ್ಗ: ಅಣ್ಣಾರ, ಅಕ್ಕಾರ, ನಮ್ಮದು ಬಾಗಲಕೋಟೆ ಜಿಲ್ಲೆ. ನಮ್ಮನಿ ಎರಡು ಕೈಮಗ್ಗ, ಓಣಿಯವರ ನಾಲ್ಕು ಸೇರಿ ತಿಂಗಳಿಗೆ ಸುಮಾರು 35 ಸೀರೆ ಆಗ್ತಾವ. ಇನ್‌ಸ್ಟಾಗ್ರಾಂನಲ್ಲಿ ಲೈಕ್ ಬರ್ತಾವ, ಆರ್ಡರ್ ಬರೂದಿಲ್ಲ. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡ್ಲೋ, ವೆಬ್‌ಸೈಟ್ ಮಾಡಿಸ್ಲೋ? ಕ್ಯಾಶ್ ಆನ್ ಡೆಲಿವರಿ ಕೊಡಬೇಕೇನು? ಅನುಭವ ಇದ್ದವರು ಹೇಳ್ರಿ.

ಲೆಕ್ಕದ ಹಾಳೆ: ಬೂಸ್ಟ್ ಒತ್ತುವ ಮೊದಲು ಒಂದು ಸೀರೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಬರೆದು ನೋಡಿ. ಉದಾಹರಣೆಗೆ ಮಾರಾಟದ ಬೆಲೆ ಜಿಎಸ್‌ಟಿ ಸೇರಿ 2,400 ರೂಪಾಯಿ ಅಂತಿಟ್ಟುಕೊಳ್ಳಿ. ನೋಂದಣಿ ಇದ್ದವರು ಕಟ್ಟುವ ಶೇ 5ರ ತೆರಿಗೆ 114 ಹೋದರೆ 2,286. ನೂಲು, ಬಣ್ಣ, ಕೂಲಿ ಸೇರಿ ಅಸಲು 1,500. ಸ್ವಂತ ಮಗ್ಗದ ಸೀರೆಯಾದರೂ ಕೂಲಿ ಹಿಡಿಯಲೇಬೇಕು, ಇಲ್ಲದಿದ್ದರೆ ಲಾಭ ಅಂತ ಕಾಣುವುದು ನಿಮ್ಮದೇ ದುಡಿಮೆ. ಪ್ಯಾಕಿಂಗ್ 40, ಕೊರಿಯರ್ 110. ಆನ್‌ಲೈನ್ ಹಣ ಪಡೆದು ಕೊಡುವ ಪೇಮೆಂಟ್ ಗೇಟ್‌ವೇ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ, ಹತ್ತಿರಹತ್ತಿರ 57. ಉಳಿದದ್ದು 579.

ಈಗ 20 ಪಾರ್ಸೆಲ್‌ನಲ್ಲಿ 4 ವಾಪಸ್ ಬಂದವು ಅನ್ನಿ. ಹೋಗಿಬರುವ ಬಾಡಿಗೆ ಒಂದಕ್ಕೆ 220ರಂತೆ 880. ಅದನ್ನು ಮಾರಾಟವಾದ 16 ಸೀರೆ ಹೊರಬೇಕು, ತಲಾ 55. ಕೊನೆಗೆ ಉಳಿಯುವುದು 524. ಜಾಹೀರಾತಿನ ಒಂದು ಕ್ಲಿಕ್‌ಗೆ 6 ರೂಪಾಯಿ ಬಿದ್ದು, ನೂರು ಜನರಲ್ಲಿ ಒಬ್ಬರು ಕೊಂಡರೆ ಒಂದು ಆರ್ಡರ್‌ಗೆ 600 ಖರ್ಚು, ಅಂದರೆ 76 ನಷ್ಟ. ಇಬ್ಬರು ಕೊಂಡರೆ 224 ಲಾಭ. ಈ 524ರ ಗೆರೆ ಗೊತ್ತಿದ್ದವರಿಗೆ ಜಾಹೀರಾತು ಯಾವಾಗ ನಿಲ್ಲಿಸಬೇಕು ಅಂತಲೂ ಗೊತ್ತಿರುತ್ತದೆ.

ಅಂಚು ಹೊಂದುವ ಗುಳೇದಗುಡ್ಡ ಖಣವನ್ನು (ಕುಪ್ಪಸದ ಬಟ್ಟೆ) ಜೊತೆಗೆ ಸೆಟ್ ಮಾಡಿ ಕೊಡಿ. ಕೊರಿಯರ್ ಅಷ್ಟೇ, ಜಾಹೀರಾತಿನ ಖರ್ಚೂ ಅಷ್ಟೇ, ಬಿಲ್ ಮಾತ್ರ ದೊಡ್ಡದಾಗುತ್ತದೆ.

ಸೆರಗು ಅಂಚು: ಲೈಕ್ ಬಂದು ಆರ್ಡರ್ ಬರದಿದ್ದರೆ ಮೊದಲು ನೋಡಬೇಕಾದ್ದು ಫೋಟೊದ ಕೆಳಗೆ ಏನು ಬರೆದಿದ್ದೀರಿ ಅಂತ. "ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ" ಅಂದರೆ ಅರ್ಧ ಜನ ಅಲ್ಲೇ ಹಿಂದಿರುಗುತ್ತಾರೆ. ಬೆಲೆ ಹಾಕಿ. ಜೊತೆಗೆ ಇಷ್ಟು ಇರಲಿ: ಉದ್ದ ಮೀಟರ್‌ನಲ್ಲಿ, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ, ಹಾಸು (ಉದ್ದದ ಎಳೆ) ಯಾವ ನೂಲು, ಹೊಕ್ಕು (ಅಡ್ಡ ಎಳೆ) ಯಾವ ನೂಲು, ಸೆರಗು ರೇಷ್ಮೆಯೋ ಚಮಕಾ ಅನ್ನುವ ಕೃತಕ ರೇಷ್ಮೆಯೋ, ಅಂಚು ಗೋಮಿಯೋ ಚಿಕ್ಕಿ ಪರಾಸೋ ಗಾಯತ್ರಿಯೋ, ಒಗೆಯುವುದು ಹೇಗೆ. ಚಮಕಾ ಸೀರೆಗೆ "ಸಿಲ್ಕ್" ಅಂತಷ್ಟೇ ಬರೆದರೆ ಆ ಸೀರೆ ವಾಪಸ್ ಬರುವುದು ಖಂಡಿತ, ಅದು ಕೊಳ್ಳುವವರಿಗೆ ಮೋಸ ಕೂಡ.

ಫೋಟೊ ಬೆಳಿಗ್ಗೆ ನೆರಳಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟ್ ಬೇಡ. ಸೀರೆಯ ಪಕ್ಕ ಬಿಳಿ ಹಾಳೆ ಇಟ್ಟು ಒಂದು ಶಾಟ್ ತೆಗೆದರೆ ಆಮೇಲೆ ಬಣ್ಣ ಸರಿಮಾಡಲು ಅದೇ ಅಳತೆ, ಹಾಳೆ ಬಿಳಿಯಾಗಿ ಕಾಣುವವರೆಗೆ ತಿದ್ದಿದರೆ ಸಾಕು. ಫಿಲ್ಟರ್ ಮುಟ್ಟಬೇಡಿ, ಕುಂಕುಮ ಬಣ್ಣ ಫೋನಿನಲ್ಲಿ ಕಿತ್ತಳೆಗೆ ತಿರುಗಿದರೆ ಪಾರ್ಸೆಲ್ ಬಿಚ್ಚಿದವರು ಬೇರೆ ಸೀರೆ ಬಂತು ಅಂತಾರೆ. ಒಡಲಿಗೂ ಸೆರಗಿಗೂ ಹಾಸಿನ ಎಳೆಗಳನ್ನು ಕುಣಿಕೆಯಾಗಿ ಕೂಡಿಸುವ ಕೊಂಡಿಯ ಜಾಗವನ್ನು ಹತ್ತಿರದಿಂದ, ಹಿಂದೆ ಮುಂದೆ ಎರಡೂ ಕಡೆ ತೋರಿಸಿ. ಇಳಕಲ್ ಸೀರೆಯ ಹೆಗ್ಗುರುತೇ ಅದು, ಬೆಲೆ ಯಾಕೆ ಹೆಚ್ಚು ಅನ್ನುವುದಕ್ಕೆ ಅದೇ ಉತ್ತರ. ಮಗ್ಗದ ಸದ್ದಿನ ಜೊತೆ 15 ಸೆಕೆಂಡಿನ ವಿಡಿಯೊ ಸಾಕು.

ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ಇದಕ್ಕೆ ದೊಡ್ಡ ಗಿರಾಕಿ ಇದೆ, ಆದರೆ ಅವರು ಹುಡುಕುವುದು "ಇರಕಲ್" ಅಂತ. ವಿವರಣೆಯಲ್ಲಿ ಇಳಕಲ್, ಇರಕಲ್ ಎರಡನ್ನೂ ಕನ್ನಡ, ಮರಾಠಿ, ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಒಂಬತ್ತು ಗಜದ್ದು ನೇಯುತ್ತಿದ್ದರೆ "ನೌವಾರಿ" ಅಂತಲೂ ಸೇರಿಸಿ.

ಪಾರ್ಸೆಲ್ ಕಟ್ಟು: ಕೊರಿಯರ್‌ನವರು ತಕ್ಕಡಿಯ ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದು ಗಾತ್ರದ ತೂಕ. ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು. 30×25×8ರ ಡಬ್ಬಿಗೆ 1.2 ಕಿಲೊ ಆಗುತ್ತದೆ, ಒಳಗಿನ ಸೀರೆ ಅರ್ಧ ಕಿಲೊ ಇರಲಿ ಬಿಡಲಿ. ಅದೇ ಸೀರೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರಟ್ಟು ಇಟ್ಟು, ಕೊರಿಯರ್ ಚೀಲದಲ್ಲಿ 3 ಸೆಂಟಿಮೀಟರ್ ದಪ್ಪಕ್ಕೆ ಹಾಕಿದರೆ 0.45. ಕಳಿಸುವಾಗ ಟೇಪು ಹಿಡಿದು ಅಳೆದ ಫೋಟೊ ಇಟ್ಟುಕೊಳ್ಳಿ, ಆಮೇಲೆ ಹೆಚ್ಚು ತೂಕದ ಬಿಲ್ ಬಂದರೆ ತಕರಾರು ಹಾಕಲು ಬೇಕು.

ಕ್ಯಾಶ್ ಆನ್ ಡೆಲಿವರಿ ಪೂರ್ತಿ ತೆಗೆದರೆ ಹೊಸ ಗಿರಾಕಿಗಳು ಹಿಂಜರಿಯುತ್ತಾರೆ, ಪೂರ್ತಿ ತೆರೆದರೆ ಬಾಗಿಲಲ್ಲೇ ಬೇಡ ಅನ್ನುತ್ತಾರೆ. ನಡುವಿನ ದಾರಿ: 200 ರೂಪಾಯಿ ಮುಂಗಡ ಯುಪಿಐನಲ್ಲಿ, ಬಾಕಿ ಸೀರೆ ಕೈಗೆ ಬಂದ ಮೇಲೆ. "ವಿಳಾಸದಲ್ಲಿ ಯಾರೂ ಇಲ್ಲ" ಅಂತ ಕೊರಿಯರ್ ಸಂದೇಶ ಬಂದರೆ ಅದೇ ದಿನ ಗಿರಾಕಿಗೆ ಫೋನ್ ಮಾಡಿ. ಎರಡು ದಿನ ಬಿಟ್ಟರೆ ಪಾರ್ಸೆಲ್ ತಿರುಗಿ ಹೊರಟಿರುತ್ತದೆ.

ತೆರಿಗೆ ಪುಟ: ಸ್ವಂತ ಪೇಜಿನಿಂದ ಕರ್ನಾಟಕದೊಳಗೆ ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಮಾರ್ಕೆಟ್‌ಪ್ಲೇಸ್ (ಅಮೆಜಾನ್‌ನಂಥ ಮಾರಾಟದ ತಾಣ) ಮೂಲಕವೂ 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಹಾಗೇ ಮಾರಬಹುದು, ಆದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆಯಬೇಕು. ಮಾರ್ಕೆಟ್‌ಪ್ಲೇಸ್‌ನಿಂದ ಹೊರ ರಾಜ್ಯಕ್ಕೆ ಮಾರಲು ನೋಂದಣಿ ಬೇಕು. ನೋಂದಣಿ ಮಾಡಿಸಿದ ಮೇಲೆ ಮಾರ್ಕೆಟ್‌ಪ್ಲೇಸ್ ಹಿಡಿಯುವ ಶೇ 0.5ರ ಟಿಸಿಎಸ್ (ಮಾರಾಟದ ಹಣದಲ್ಲೇ ಮೊದಲೇ ಹಿಡಿಯುವ ತೆರಿಗೆ) ಕಳೆದುಹೋದ ಹಣವಲ್ಲ, ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಅಲ್ಲಿನ ನಿಮ್ಮ ಹಣದ ಖಾತೆಯಾದ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಎಷ್ಟೋ ಜನ ಒಪ್ಪಿಕೊಳ್ಳುವುದನ್ನೇ ಮರೆಯುತ್ತಾರೆ.

ಓಣಿಯ ಮಗ್ಗ: ಭಾಳ ಉಪಕಾರ ಆತು ನೋಡ್ರಿ. ಜಾಹೀರಾತಿಗೆ 6,000 ಎತ್ತಿಟ್ಟೇನಿ. ಹ್ಯಾಂಗ ಖರ್ಚು ಮಾಡ್ಲಿ?

ಕ್ಲಿಕ್ ಎಣಿಕೆ: ಅದರಲ್ಲಿ ಶೇ 18 ಜಿಎಸ್‌ಟಿ ಹೋಗಿ ಜಾಹೀರಾತಿಗೆ ಸಿಗುವುದು ಸುಮಾರು 5,085. ಬೂಸ್ಟ್ ಬಟನ್ ಸಾಮಾನ್ಯವಾಗಿ ಲೈಕ್ ಒತ್ತುವವರನ್ನು ಹುಡುಕಿ ತರುತ್ತದೆ, ಕೊಳ್ಳುವವರನ್ನಲ್ಲ. ಇನ್‌ಸ್ಟಾಗ್ರಾಂ ಒಡೆಯ ಮೆಟಾದ ಜಾಹೀರಾತು ಪುಟ ಆ್ಯಡ್ಸ್ ಮ್ಯಾನೇಜರ್‌ಗೇ ಹೋಗಿ.

ವೆಬ್‌ಸೈಟ್ ಈಗ ಬೇಡ. ವೆಬ್‌ಸೈಟ್‌ನಲ್ಲಿ ಖರೀದಿ ಗುರಿ ಇಟ್ಟು ಜಾಹೀರಾತು ಹಾಕಿದರೆ, ಯಾರು ಕೊಳ್ಳುತ್ತಾರೆ ಅಂತ ಮೆಟಾದ ಯಂತ್ರ ಕಲಿಯಲು ಒಂದು ಆ್ಯಡ್ ಸೆಟ್‌ಗೆ (ಒಂದೇ ಗುರಿಯ ಜಾಹೀರಾತುಗಳ ಗುಂಪು) ವಾರಕ್ಕೆ ಸುಮಾರು 50 ಖರೀದಿ ಬೇಕು. ನಿಮ್ಮಲ್ಲಿ ತಿಂಗಳಿಗೇ 35 ಸೀರೆ. ನಿಮಗೆ ಹೊಂದುವುದು ಒತ್ತಿದರೆ ನೇರ ವಾಟ್ಸ್‌ಆ್ಯಪ್ ತೆರೆಯುವ ಜಾಹೀರಾತು. ಅದಕ್ಕೂ ಮೊದಲು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಬೆಲೆ ಸಮೇತ ತುಂಬಿರಲಿ.

ದಿನಕ್ಕೆ 300ರಂತೆ 10 ದಿನ, ಒಂದೇ ಆ್ಯಡ್ ಸೆಟ್, ಒಳಗೆ ಎರಡು ಜಾಹೀರಾತು: ಒಂದು ಕೊಂಡಿಯ ವಿಡಿಯೊ, ಇನ್ನೊಂದು ಬೆಲೆ ಬರೆದ ಉಟ್ಟ ಸೀರೆಯ ಫೋಟೊ. ಸದ್ಯಕ್ಕೆ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಸಾಕು. ಹೊರ ರಾಜ್ಯದ ಕಾಗದಪತ್ರ ಆದ ಮೇಲೆ ಪುಣೆ, ಸೊಲ್ಲಾಪುರ. ಮೊದಲ ನಾಲ್ಕು ದಿನ ಏನನ್ನೂ ತಿದ್ದಬೇಡಿ, ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ. ಉಳಿದ 2,085 ಅನ್ನು ವಿಡಿಯೊ ಅರ್ಧಕ್ಕಿಂತ ಹೆಚ್ಚು ನೋಡಿದವರಿಗೆ, ಪೇಜಿಗೆ ಮೆಸೇಜ್ ಮಾಡಿದವರಿಗೆ ಮಾತ್ರ ತೋರಿಸಿ. ಮೆಸೇಜ್ ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ಹಣ ಸಂದಾಯವಾಯಿತು ಅನ್ನುವುದನ್ನು ದಿನಾ ಬರೆದಿಡಿ, ಹಣ ಬಂದ ಒಂದು ಆರ್ಡರ್‌ಗೆ ಜಾಹೀರಾತಿನ ಖರ್ಚು ಎಷ್ಟು ಬಿತ್ತು ಅಂತ ಲೆಕ್ಕದ ಹಾಳೆಯವರು ಹೇಳಿದ 524ರ ಜೊತೆ ಹೋಲಿಸಿ.

ಹಳೆಯ ಗಿರಾಕಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಸಂದೇಶ ಎಲ್ಲರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ) ಮಾಡಿ, ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ, ಹಾಗಾಗಿ ಪಾರ್ಸೆಲ್‌ನಲ್ಲಿ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಚೀಟಿ ಇಡಿ.

ಕೈಮಗ್ಗದಲ್ಲಿ ಒಂದು ಬಣ್ಣಕ್ಕೆ ಹಲವು ಸಲ ಒಂದೇ ಸೀರೆ ಇರುತ್ತದಲ್ಲ, ಪ್ರತಿ ಫೋಟೊ ಮೇಲೂ ನಂಬರ್ ಬರೆಯಿರಿ. ಒಬ್ಬರು ಕೇಳಿದರೆ ಎರಡು ಗಂಟೆ ಅವರಿಗೆ ಹಿಡಿದಿಡಿ, ಹಣ ಬಂದ ಕೂಡಲೇ ಕ್ಯಾಟಲಾಗ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ಒಂದೇ ಸೀರೆಗೆ ಇಬ್ಬರು ದುಡ್ಡು ಹಾಕಿರುತ್ತಾರೆ.