ಅಪ್ಪನ ಕ್ಯಾಸೆಟ್‌ನಲ್ಲಿರುವುದು ಯಾವ ಭಾಷೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅಪ್ಪ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಏನೂ ಬರೆದಿಲ್ಲ. ಇಬ್ಬರು ಮಾತಾಡುತ್ತಾರೆ, ನಡುವೆ ಅಪ್ಪ ನಗುವುದು ಕೇಳಿಸುತ್ತದೆ. ಪದಗಳು ಚಿಕ್ಕವು, ದನಿ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಅಣ್ಣ ಚೀನೀ ಅಂತಾನೆ, ನನಗೆ ಥಾಯ್ ಅನ್ನಿಸುತ್ತದೆ. ಟೋನ್ ಎಷ್ಟಿವೆ ಅಂತ ಎಣಿಸಲು ನೋಡಿದೆ, ಆಗಲಿಲ್ಲ. ಬರೀ ಕೇಳಿ ಗುರುತಿಸುವ ದಾರಿ ಇದೆಯಾ?

ಉತ್ತರ: ಇದೆ. ನಾನು ಧ್ವನಿವಿಜ್ಞಾನ ಕಲಿಸುತ್ತೇನೆ, ಈ ಪ್ರಶ್ನೆ ನನಗೆ ತುಂಬಾ ಇಷ್ಟ.

ಮೊದಲು ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಎಣಿಸುವುದನ್ನು ಬಿಡಿ. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ 4, ಥಾಯ್‌ನಲ್ಲಿ 5, ಹನೋಯ್ ಕಡೆಯ ವಿಯೆಟ್ನಾಮೀಸ್‌ನಲ್ಲಿ 6 ಟೋನ್ ಇವೆ, ನಿಜ. ಆದರೆ ಪದಗಳೇ ಗೊತ್ತಿಲ್ಲದೆ ಎಣಿಸೋಕಾಗಲ್ಲ. ಸಿಟ್ಟು, ನಗು, ಪ್ರಶ್ನೆಯ ಏರಿಳಿತವೂ ಅದರಲ್ಲೇ ಬೆರೆತಿರುತ್ತದೆ.

ಪದ ಹೇಗೆ ಮುಗಿಯುತ್ತದೆ ಅಂತ ಕೇಳಿ. ಮ್ಯಾಂಡರಿನ್ ಪದದ ಕೊನೆಗೆ ಸ್ವರ ಇರುತ್ತದೆ, ಇಲ್ಲವೇ ಮೂಗಿನ ದನಿ. ಬೀಜಿಂಗ್ ಕಡೆ ನಾಲಿಗೆ ಮಡಚಿದ ಒಂದು ‘ರ್’ ಕೂಡ ಬರುತ್ತದೆ. ‘ಪ್’, ‘ತ್’, ‘ಕ್’ ಬರುವುದೇ ಇಲ್ಲ. ದಕ್ಷಿಣ ಚೀನಾದ ಕ್ಯಾಂಟನೀಸ್, ಥಾಯ್, ವಿಯೆಟ್ನಾಮೀಸ್‌ನಲ್ಲಿ ಈ ಮೂರೂ ಬರುತ್ತವೆ, ಆದರೆ ಬಿಡಿಸಿ ಹೇಳುವುದಿಲ್ಲ. ‘ಪ್’ಗೆ ತುಟಿ ಮುಚ್ಚುತ್ತದೆ, ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಿವಿಗೆ ಇದು ಸುಲಭವಾಗಿ ತಪ್ಪಿಹೋಗುತ್ತದೆ. ನಾವು ಬಸ್‌ಗೂ ‘ಉ’ ಸೇರಿಸಿ ಬಸ್ಸು ಅನ್ನುವವರು, ಅಲ್ವಾ?

ಥಾಯ್‌ನಲ್ಲಿ ಮರ್ಯಾದೆಯ ಮಾತಿನ ಕೊನೆಗೆ ಗಂಡಸರು ‘ಖ್ರಪ್’, ಹೆಂಗಸರು ‘ಖಾ’ ಸೇರಿಸುತ್ತಾರೆ. ಅದು ಸಿಕ್ಕರೆ ಹೆಚ್ಚು ಹುಡುಕಬೇಕಿಲ್ಲ. ಹನೋಯ್ ಮಾತಿನಲ್ಲಿ ಕೆಲವು ಪದಗಳ ನಡುವೆಯೇ ಗಂಟಲು ಬಿಗಿದು ದನಿ ಒಡೆಯುತ್ತದೆ. ಖ್ಮೇರ್ ಬಗ್ಗೆ ಮಾತ್ರ ಎಚ್ಚರ. ಕಾಂಬೋಡಿಯಾದ ಆ ಭಾಷೆ ಕೇಳಲು ಹೀಗೇ ಅನ್ನಿಸಬಹುದು, ಆದರೆ ಅದರಲ್ಲಿ ಟೋನ್ ಇಲ್ಲ.

ಹಾಡಿದ್ದರೆ ಅದನ್ನು ಬಿಡಿ, ರಾಗ ಟೋನನ್ನು ಮುಚ್ಚಿಬಿಡುತ್ತದೆ. ಮಾತನ್ನು ಮಾತ್ರ ಕೇಳಿ, ವಾಕ್ಯದ ಕೊನೆಯಲ್ಲಿ ಮತ್ತೆ ಮತ್ತೆ ಬರುವುದನ್ನು ಹಾಗೇ ಬರೆದು ಹಾಕಿ.

ಕೇಳಿದವರು: ಅಣ್ಣನೂ ನಾನೂ ಕೂತು ಕೇಳಿದೆವು ಮೇಡಂ. ‘ಖ್ರಪ್’ ಇಲ್ಲ. ಕೊನೆಗೆ ‘ದೆ’, ‘ಬಾದೆ’ ಜಾಸ್ತಿ ಬರುತ್ತದೆ. ಕೆಲವು ವಾಕ್ಯ ‘ಬೂ’ ಅಂತ ಮುಗಿಯುತ್ತವೆ, ಅವುಗಳಲ್ಲಿ ಸ್ವಲ್ಪ ಮುಂಚೆ ಒಂದು ‘ಮ’ ಇರುತ್ತದೆ. ‘ಸ’ ಮತ್ತು ‘ತ’ ನಡುವಿನ ಒಂದು ದನಿಯೂ ಇದೆ.

ಉತ್ತರ: ಎಷ್ಟು ಚೆನ್ನಾಗಿ ಕೇಳಿದ್ದೀರಿ! ಇದು ಬರ್ಮೀಸ್.

‘ದೆ’ ಅವರ ಆಡುಮಾತಿನಲ್ಲಿ ಕ್ರಿಯಾಪದದ ಕೊನೆಗೆ ಬರುತ್ತದೆ. ‘ಬಾ’ ಸೇರಿದರೆ ಮರ್ಯಾದೆ. ‘ಇಲ್ಲ’ ಅನ್ನಲು ಕ್ರಿಯಾಪದಕ್ಕೆ ಮೊದಲು ‘ಮ’, ಆಮೇಲೆ ‘ಬೂ’. ನಮ್ಮ ಹಾಗೆ ಅವರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಅದಕ್ಕೇ ಇವೆಲ್ಲ ನಿಮಗೆ ಕೊನೆಯಲ್ಲಿ ಸಿಕ್ಕವು. ಚೀನೀ, ಥಾಯ್, ವಿಯೆಟ್ನಾಮೀಸ್‌ನಲ್ಲಿ ಕರ್ಮ ಕ್ರಿಯಾಪದದ ಆಮೇಲೆ ಬರುತ್ತದೆ. ನೀವು ಹೇಳಿದ ‘ಸ-ತ’ ನಡುವಿನ ದನಿಗೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರಬೇಕು. ಬರ್ಮೀಸ್‌ನಲ್ಲಿ ಅದು ಇದೆ, ಮ್ಯಾಂಡರಿನ್ ಮತ್ತು ಥಾಯ್‌ನಲ್ಲಿ ಇಲ್ಲ. ಒಂದೇ ಗುರುತು ಸಿಕ್ಕಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಇಲ್ಲಿ ಮೂರೂ ಒಟ್ಟಿಗೆ ಬಂದಿವೆ.

ಇನ್ನೊಬ್ಬ ಸದಸ್ಯರು: ಟೋನ್ ಇರುವ ಭಾಷೆಗಳೆಲ್ಲ ನೆಂಟರಾ ಮೇಡಂ?

ಉತ್ತರ: ಇಲ್ಲ. ಬರ್ಮೀಸ್ ಮತ್ತು ಚೀನೀ ದೂರದ ನೆಂಟರು. ಥಾಯ್ ಬೇರೆ ಮನೆತನ. ವಿಯೆಟ್ನಾಮೀಸ್‌ಗೆ ನೆಂಟಸ್ತಿಕೆ ಇರುವುದು ಟೋನೇ ಇಲ್ಲದ ಖ್ಮೇರ್ ಜೊತೆ. ಪದದ ಕೊನೆಯ ಕೆಲವು ದನಿಗಳು ಸವೆದು ಹೋದಾಗ ವಿಯೆಟ್ನಾಮೀಸ್‌ಗೆ ಟೋನ್ ಹುಟ್ಟಿತು ಅಂತ ಫ್ರೆಂಚ್ ವಿದ್ವಾಂಸ ಓದ್ರಿಕೂರ್ 1954ರಲ್ಲಿ ತೋರಿಸಿದರು. ಪದದ ಕೊನೆ ಕೇಳಿ ಅಂತ ನಾನು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಕೇಳಿದವರು: ಮೇಡಂ, ಕೊನೇ ಕಡೆ ಒಂದು ‘ಬಾದೆ’ ಅಪ್ಪನ ದನಿಯಲ್ಲೇ ಇದೆ. ‘ಚೇಜೂ ತಿನ್ ಬಾದೆ’ ಅಂತ ಕೇಳಿಸುತ್ತದೆ.

ಉತ್ತರ: ‘ಧನ್ಯವಾದ’ ಅಂತ ಅರ್ಥ. ಕ್ಯಾಸೆಟ್ಟನ್ನು ಇನ್ನು ಪದೇ ಪದೇ ಹಾಕಬೇಡಿ, ಟೇಪ್ ಸವೆಯುತ್ತದೆ. ಮೊದಲು ಒಂದು ಪ್ರತಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.